ಗೋಡೆಗೆ ಮರದ ಹಲಗೆ ಹಾಕಿಸುವವರೇ, ಮೊದಲು ತೇವಾಂಶ ಅಳೆಸಿ

ಮನೆಗೆ ಮರದ ಪ್ಯಾನೆಲಿಂಗ್ ಮಾಡಿಸುವಾಗ ನಾವೆಲ್ಲ ಮರದ ಜಾತಿ ಕೇಳುತ್ತೇವೆ, ಅಡಿ ಲೆಕ್ಕದ ದರ ಕೇಳುತ್ತೇವೆ. ಹಲಗೆಯೊಳಗೆ ಇನ್ನೂ ಎಷ್ಟು ನೀರಿದೆ ಅಂತ ಯಾರೂ ಕೇಳುವುದಿಲ್ಲ. ದಯವಿಟ್ಟು ಕೇಳಿ. ಬಾಯಿಮಾತಿನ ಉತ್ತರ ಬೇಡ, ಅಂಕಿಯಲ್ಲೇ ಹೇಳಿಸಿ.

ದಾವಣಗೆರೆಯ ನಮ್ಮ ಮನೆ ಹಾಲಿಗೆ ಆರಿಂಚು ಅಗಲದ ತೇಗದ ಹಲಗೆ ಹಾಕಿಸಿದೆವು. ಮಲೆನಾಡಿನ ಒಂದು ಸಾಮಿಲ್‌ನವರು ‘ಪೂರ್ತಿ ಸೀಸನಿಂಗ್ ಆಗಿರೋ ಮಾಲು’, ಅಂದರೆ ಹದವಾಗಿ ಒಣಗಿಸಿದ್ದು, ಎಂದು ಜಾಸ್ತಿ ದರ ಹಾಕಿ, ಜೋರು ಮಳೆಗಾಲದಲ್ಲಿ ಕಳಿಸಿದರು. ಬಂದ ವಾರದಲ್ಲೇ ಹಲಗೆ ಗೋಡೆಗೇರಿತು, ಪಾಲಿಶ್ ಕೂಡ ಆಯಿತು. ದೀಪಾವಳಿಯವರೆಗೆ ಬಂದವರೆಲ್ಲ ಕಣ್ಣರಳಿಸಿ ನೋಡುತ್ತಿದ್ದರು. ಶಿವರಾತ್ರಿ ಹೊತ್ತಿಗೆ ಹಲಗೆಗಳ ನಡುವೆ ಸಂದು ಬಿಟ್ಟಿತು. ಬೇಸಿಗೆಯಲ್ಲಿ ಮೊಳೆ ಹೊಡೆದ ಕಡೆ ಸೀಳು ಬಂತು. ಹೊಸದಾಗಿ ಗಾರೆ ಮಾಡಿಸಿದ್ದ ಗೋಡೆಯ ಮೇಲಂತೂ ಹಲಗೆಯ ಅಂಚುಗಳೇ ಎದ್ದು ನಿಂತವು. ಬಿಚ್ಚಿದರೆ ಹಿಂಬದಿಯೆಲ್ಲ ಬೂಷ್ಟು.

ಸಾಮಿಲ್‌ಗೆ ಫೋನ್ ಮಾಡಿದರೆ, ‘ಮರ ಅಂದ್ಮೇಲೆ ಎಳೆಯುತ್ತೆ ಸಾರ್’ ಎಂದರು. ಮರ ಎಳೆಯುತ್ತದೆ, ಅಂದರೆ ಒಣಗಿದಂತೆ ಕುಗ್ಗುತ್ತದೆ, ನಿಜ. ಆದರೆ ಎಷ್ಟು ಎಳೆಯುತ್ತದೆ ಎನ್ನುವುದಕ್ಕೆ ಲೆಕ್ಕವಿದೆ, ಅಲ್ವಾ? ಮರದ ತೇವಾಂಶ ಅಂದರೆ ಪೂರ್ತಿ ಒಣಗಿದ ಮರದ ತೂಕಕ್ಕೆ ಅದರೊಳಗಿನ ನೀರಿನ ತೂಕ ಶೇಕಡಾ ಎಷ್ಟು ಅನ್ನುವುದು. ಹಸಿ ಮರ ಒಣಗುವಾಗ ಈ ತೇವಾಂಶ ಸುಮಾರು ಶೇ. 30ಕ್ಕೆ ಇಳಿಯುವವರೆಗೆ ಅಳತೆ ಬದಲಾಗುವುದಿಲ್ಲ. ಅದಕ್ಕಿಂತ ಕೆಳಗಿಳಿದ ಮೇಲೆಯೇ ಕುಗ್ಗಲು ಶುರು. ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು, ಪೆಟ್ಟೆಲ್ಲ ಅಗಲಕ್ಕೆ. ಆರಿಂಚಿನ ತೇಗದ ಹಲಗೆ ಶೇ. 22ರಿಂದ 10ಕ್ಕೆ ಇಳಿದರೆ ಮೂರು ಮಿಲಿಮೀಟರಿಗೂ ಜಾಸ್ತಿ ಕುಗ್ಗಬಹುದು. ನಮ್ಮ ಗೋಡೆಯಲ್ಲಿ ಬಿಟ್ಟ ಸಂದು ಹೆಚ್ಚುಕಡಿಮೆ ಅಷ್ಟೇ. ಅಂದರೆ ಗೋಡೆಗೇರುವಾಗ ಆ ಮಾಲು ಒಣಗಿರಲಿಲ್ಲ. ಇನ್ನು ತೇಗವೋ, ಕಡಿಮೆ ಕುಗ್ಗುವ ಮರಗಳಲ್ಲಿ ಒಂದು. ಬೇರೆ ಎಷ್ಟೋ ಮರಗಳು ಇದಕ್ಕಿಂತ ಹೆಚ್ಚು ಎಳೆಯುತ್ತವೆ.

ಒಮ್ಮೆ ಒಣಗಿಸಿದರೆ ಮುಗಿಯಿತು ಅನ್ನುವುದೂ ತಪ್ಪು. ಕಿಲ್ನ್‌ನಲ್ಲಿ (ಮರ ಒಣಗಿಸುವ ಬಿಸಿ ಕೋಣೆಯಲ್ಲಿ) ಚೆನ್ನಾಗಿ ಒಣಗಿದ ಹಲಗೆ ಕೂಡ ಆಗುಂಬೆ ಕಡೆಯ ಮಳೆಗಾಲದಲ್ಲಿ ತೆರೆದ ಶೆಡ್ಡಿನಲ್ಲಿ ಬಿದ್ದಿದ್ದರೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ಗಾಳಿಯ ತೇವ ಶೇ. 90ರ ಆಸುಪಾಸಿನಲ್ಲೇ ಇದ್ದರೆ ಮರ ನಿಧಾನಕ್ಕೆ ಶೇ. 20ರ ಹತ್ತಿರ ಬಂದು ನಿಲ್ಲುತ್ತದೆ. ಒಣ ಬೇಸಿಗೆಯಲ್ಲಿ ಅದೇ ಮರ ಶೇ. 10ಕ್ಕಿಂತ ಕೆಳಗೂ ಹೋಗಬಹುದು. ಮರದ ತೇವಾಂಶದ ಭಾರತೀಯ ಮಾನಕ ಐಎಸ್ 287 ದೇಶವನ್ನು ಹವೆಗೆ ತಕ್ಕಂತೆ ನಾಲ್ಕು ವಲಯ ಮಾಡಿರುವುದು ಇದಕ್ಕೇ. ಮಂಗಳೂರಿಗೆ ಸರಿಹೋಗುವ ಹಲಗೆ ಬಳ್ಳಾರಿಗೆ ಹಸಿ. ಮಳೆ-ಬಿಸಿಲು ತಾಗುವ ಹೊರಗೋಡೆಗೆ ನಡೆಯುವ ಅಂಕಿ ಒಳಗಿನ ಹಾಲಿಗೆ ನಡೆಯುವುದಿಲ್ಲ. ನಮ್ಮ ಬಯಲುಸೀಮೆಯ ಒಳಗೋಡೆಗೆ ಶೇ. 12 ದಾಟಿದ ಹಲಗೆಯನ್ನು ನಾನಂತೂ ಇನ್ನು ಒಪ್ಪುವುದಿಲ್ಲ.

ಮುಳ್ಳು ಚುಚ್ಚಿ ತೇವಾಂಶ ಅಳೆಯುವ ಮೀಟರ್ ಹಿಡಿದು ತೋರಿಸಿದರೂ ಒಂದು ಎಚ್ಚರಿಕೆ. ಹಲಗೆಯ ಮೈ ಒಣಗಿದ್ದು ಒಳಗೆ ಹಸಿ ಇರಬಹುದು. ತುದಿಯೂ ಬೇಗ ಒಣಗುತ್ತದೆ. ಹಾಗಾಗಿ ಕಟ್ಟಿನ ಒಳಗಿನಿಂದ ಒಂದು ಹಲಗೆ ಎಳೆಸಿ, ನಡುವೆ ಕೊಯ್ಯಿಸಿ, ಹೊಸ ಕೊಯ್ತದ ಮೇಲೆ ಮೀಟರಿನ ಮುಳ್ಳು ಚುಚ್ಚಿಸಿ. ಅನುಮಾನ ಉಳಿದರೆ ಸಣ್ಣ ತುಂಡೊಂದನ್ನು ತೂಗಿ, 103 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 120 ಗ್ರಾಂ ಇದ್ದದ್ದು 100 ಗ್ರಾಂ ಆದರೆ ತೇವಾಂಶ ಶೇ. 20.

ಹೊಸ ಗಾರೆಯ ಗೋಡೆ ಪೂರ್ತಿ ಒಣಗುವ ಮುಂಚೆ ಹಲಗೆ ಹೊಡೆಯಲು ಬಿಡಬೇಡಿ. ಮುಂದೆ ಮಾತ್ರ ಪಾಲಿಶ್ ಹೊಡೆದು ಹಿಂಬದಿ ಬರಿದಾಗಿ ಬಿಟ್ಟರೆ ತೇವವೆಲ್ಲ ಹಿಂದಿನಿಂದ ಏರಿ ಹಿಂಬದಿ ಉಬ್ಬುತ್ತದೆ, ಅಂಚುಗಳು ನಿಮ್ಮ ಕಡೆಗೆ ಎದ್ದು ಬರುತ್ತವೆ. ನಮ್ಮಲ್ಲಿ ಆಗಿದ್ದು ಅದೇ.

ನಾವು ಸೋತದ್ದು ಬಿಲ್ಲಿನಲ್ಲಿ. ಅದರಲ್ಲಿ ‘ತೇಗದ ಹಲಗೆ’ ಅಂತಷ್ಟೇ ಇತ್ತು, ಸೀಸನಿಂಗ್ ಮಾತೇ ಇರಲಿಲ್ಲ. ಮಾಲು ಇಳಿಸುವ ದಿನದ ತೇವಾಂಶ ಶೇ. 12 ಮೀರಬಾರದು, ಮೀರಿದರೆ ವಾಪಸ್ ಎಂದು ಆರ್ಡರಿನಲ್ಲೇ ಬರೆಸಿ. ಅಳೆದು ನೋಡುವವರೆಗೆ ಬಾಕಿ ಹಣ ಕೊಡಬೇಡಿ. ಈಗಾಗಲೇ ಹಲಗೆ ತಂದಿಟ್ಟಿದ್ದರೆ ಹಾಕಿಸುವ ಕೋಣೆಯಲ್ಲೇ ಹಲಗೆಗಳ ನಡುನಡುವೆ ರೀಪು ಕೊಟ್ಟು, ಗಾಳಿಯಾಡುವ ಹಾಗೆ ಜೋಡಿಸಿಡಿ. ವಾರಕ್ಕೊಮ್ಮೆ ಅಳೆಯಿರಿ. ಅಂಕಿ ಇಳಿಯುವುದು ನಿಂತ ಮೇಲೆಯೇ ಆಚಾರಿಯನ್ನು ಕರೆಸಿ.