ಚೀಲ ಎಣಿಸಲು ಬೆರಳಿಗೊಂದು ಕೌಂಟರ್: ಒಂದು ತೊಗರಿ ಹಂಗಾಮಿನ ಅನುಭವ

ಲಾರಿಗೆ ಚೀಲ ಏರುವಾಗ ಎಣಿಸುವುದು ನನ್ನ ಕೆಲಸ. ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. 50 ಕೆಜಿಯ 320 ಚೀಲ ಅಂದರೆ 160 ಕ್ವಿಂಟಲ್, ಒಂದು ಲಾರಿ ಲೋಡ್. ಅದರಲ್ಲಿ ಒಂದು ಚೀಲ ತಪ್ಪಿದರೆ, ಬೇಳೆ ಕೆಜಿಗೆ 100 ರೂಪಾಯಿ ಅಂತ ಹಿಡಿದರೂ 5,000 ರೂಪಾಯಿ ಹೋಯಿತು. ಹಮಾಲರ ಕೂಲಿಯೂ ಚೀಲದ ಲೆಕ್ಕದಲ್ಲೇ. ನಾನು ಒಂದು ಕಡಿಮೆ ಬರೆದರೆ ಒಬ್ಬರು ಬೆನ್ನ ಮೇಲೆ ಹೊತ್ತ ಚೀಲ ಪುಕ್ಕಟೆ ಆಯಿತು. ಅದಕ್ಕೇ ಈ ಸಣ್ಣ ಸಾಮಾನಿನ ಬಗ್ಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲೆಲ್ಲ ವಹಿಯಲ್ಲಿ ಗೆರೆ ಹಾಕುತ್ತಿದ್ದೆ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಒಳ್ಳೆಯ ಪದ್ಧತಿ, ಆಮೇಲೆ ಯಾರು ಬೇಕಾದರೂ ನೋಡಿ ಎಣಿಸಬಹುದು. ಆದರೆ ಗೆರೆ ಹಾಕಲು ತಲೆ ಬಗ್ಗಿಸಿದಾಗ ಇಬ್ಬರು ಹಮಾಲರು ಒಬ್ಬರ ಹಿಂದೆ ಒಬ್ಬರು ಹಲಗೆ ಏರಿಬಿಡುತ್ತಾರೆ. ಅಷ್ಟರಲ್ಲಿ ಡ್ರೈವರ್ ಬಂದು ಏನಾದರೂ ಕೇಳಿದರೆ ಮುಗಿಯಿತು.

ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರಲು ಶುರುವಾದಾಗ, ಬಂದೇನವಾಜ್ ದರ್ಗಾ ಹತ್ತಿರದ ಒಂದು ಅಂಗಡಿಯಲ್ಲಿ 60 ರೂಪಾಯಿಗೆ ಬೆರಳಿಗೆ ಹಾಕುವ ಡಿಜಿಟಲ್ ಕೌಂಟರ್ ತಂದೆ. ತಸ್ಬಿ ಮಣಿಗಳ ಪಕ್ಕದಲ್ಲೇ ತೂಗು ಹಾಕಿದ್ದರು. ಹಸಿರು ಪ್ಲಾಸ್ಟಿಕ್, ಬೆರಳಿಗೆ ಸುತ್ತುವ ಪಟ್ಟಿ, 5 ಅಂಕಿಯ ಪರದೆ. ದೊಡ್ಡ ಬಟನ್ ಒತ್ತಿದರೆ ಒಂದು ಕೂಡುತ್ತದೆ. ಪಕ್ಕದ ಸಣ್ಣ ಬಟನ್ ಒತ್ತಿದರೆ ಸೊನ್ನೆ.

ಮೊದಲ ದಿನ ಬಟನ್ ಒತ್ತಿ "ಒಂದು" ಅಂದೆ. ಹಿರಿಯ ಹಮಾಲ ಕಾಕಾ ಚೀಲ ಹೊತ್ತವರು ಅಲ್ಲೇ ನಿಂತರು. "ಅಕ್ಕೋರೇ, ಒಂದು ಅನ್ಬ್ಯಾಡ್ರಿ. ಲಾಭ ಅನ್ರಿ." ನಮ್ಮ ಕಡೆ ಕಾಳು ಅಳೆಯುವಾಗ ಎಣಿಕೆ ಲಾಭದಿಂದಲೇ ಶುರು, ಅಲ್ವಾ. "ಮಷೀನ್ ಒಂದು ಅಂತ ತೋರಸ್ತದ್ರಿ ಕಾಕಾ" ಅಂದೆ. "ಅದು ತೋರಸ್ಲಿ, ಬಾಯಾಗ ಲಾಭ ಬರ್ಲಿ" ಅಂದರು. ಅವತ್ತಿನಿಂದ ಹಾಗೇ ನಡೆದಿದೆ.

ಇದರಿಂದ ಆದ ದೊಡ್ಡ ಉಪಕಾರ ಅಂದರೆ ಕಣ್ಣು ಹಲಗೆಯ ಮೇಲೇ ಇರುತ್ತದೆ. ಬಾಯಿ ಬಿಡುವಾಗಿರುತ್ತದೆ. ಡ್ರೈವರ್ ಕೇಳಿದ್ದಕ್ಕೆ ಉತ್ತರ ಕೊಡಬಹುದು, ಫೋನ್ ಎತ್ತಬಹುದು, ಹೆಬ್ಬೆರಳು ತನ್ನ ಕೆಲಸ ಮಾಡುತ್ತಿರುತ್ತದೆ. ಸಂಜೆ ತಲೆ ಹಗುರ ಇರುತ್ತದೆ. ಇದನ್ನು ನಾನು ಎಣಿಸಿರಲಿಲ್ಲ.

ತೊಂದರೆ ಎರಡು. ಮೊದಲನೆಯದು ಆ ಸೊನ್ನೆಯ ಬಟನ್. ಜನವರಿಯಲ್ಲಿ ಒಂದು ದಿನ 212 ಚೀಲ ಆದಾಗ ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದೆ. ಬೆರಳು ತಾಗಿ ಪರದೆಯಲ್ಲಿ 0. ಎದೆ ಧಸಕ್ ಅಂತು. ಕಾಕಾ ತಮ್ಮ ಲೆಕ್ಕಕ್ಕೆ ಪ್ರತಿ 20 ಚೀಲಕ್ಕೊಂದು ಕಡ್ಡಿ ತೆಗೆದಿಡುತ್ತಾರೆ. ಅವರ ಹತ್ತಿರ 10 ಕಡ್ಡಿ ಇದ್ದವು, ಆಮೇಲೆ 12 ಚೀಲ ಅಂದರು. ಸರಿಯಾಗಿ ಕೂಡಿತು. ಅವತ್ತಿನಿಂದ ನಾನೂ 50ಕ್ಕೊಮ್ಮೆ ವಹಿಯಲ್ಲಿ ಬರೆದಿಡುತ್ತೇನೆ. ಸಣ್ಣ ಬಟನ್ ಮೇಲೆ ಸೆಲೋಟೇಪ್ ಅಂಟಿಸಿದೆ. ಎರಡು ದಿನ ಬಂತು, ಬೆವರಿಗೆ ಕಿತ್ತು ಹೋಯಿತು.

ಎರಡನೆಯದು ಇನ್ನೂ ಸೂಕ್ಷ್ಮ. ಕೆಲವು ಸಲ ಒತ್ತಿದರೂ ಅಂಕಿ ಏರುವುದಿಲ್ಲ. ನನ್ನ ಅಣ್ಣನ ಮಗ ಒಂಬತ್ತನೇ ಕ್ಲಾಸ್, ಫೋನಿನಲ್ಲಿ ಆಟ ಆಡುವವನು. "ಅತ್ತಿ, ಇದರ ಸ್ಪೀಡ್ ನೋಡೋಣ" ಅಂದ. 10 ಸೆಕೆಂಡ್ ಟೈಮರ್ ಇಟ್ಟು ಕೈಲಾದಷ್ಟು ಬೇಗ ಒತ್ತಿದ. ನಾನು ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿ ಆಮೇಲೆ ಒಂದೊಂದೇ ಒತ್ತು ಎಣಿಸಿದೆ. ಹೆಬ್ಬೆರಳು ಕೆಳಗೆ ಹೋದದ್ದು 74 ಸಲ, ಪರದೆಯಲ್ಲಿ ಬಂದದ್ದು 61. ಅಂದರೆ ಸೆಕೆಂಡಿಗೆ 7ಕ್ಕಿಂತ ಜಾಸ್ತಿ ಒತ್ತಿದ್ದ, ಮಷೀನ್ ಹಿಡಿದದ್ದು 6. ಮತ್ತೆ ನಾನು ನಿಧಾನವಾಗಿ, ಪೂರ್ತಿ ಒತ್ತಿ 100 ಸಲ ಮಾಡಿದೆ. ಸರಿಯಾಗಿ 100.

ಯಾಕೆ ಹೀಗೆ ಅಂದರೆ, ಬಟನ್ ಒಮ್ಮೆ ಒತ್ತಿದಾಗ ಒಳಗಿನ ತಗಲು ಜಾಗ ಒಂದೇ ಸಲ ಕೂಡುವುದಿಲ್ಲ, ಸ್ವಲ್ಪ ನಡುಗುತ್ತದೆ. ಆ ನಡುಕವನ್ನೆಲ್ಲ ಎಣಿಸಿದರೆ ಒಂದು ಒತ್ತಿಗೆ ಎರಡು ಮೂರು ಬಂದುಬಿಡುತ್ತದೆ. ಅದಕ್ಕೆ ಒಂದು ಒತ್ತು ಹಿಡಿದ ಮೇಲೆ ಮಷೀನ್ ಕ್ಷಣ ಹೊತ್ತು ಕಣ್ಣು ಮುಚ್ಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಒತ್ತಿದ್ದು ಲೆಕ್ಕಕ್ಕಿಲ್ಲ. ಹಾಗಾಗಿ ಬೆರಳಿನ ಸ್ಪೀಡ್ ನೋಡಬೇಕು ಅನ್ನುವ ಹುಡುಗರಿಗೆ ಇದು ಬೇಡ.

ನನಗೆ ಚೀಲ ಬರುವುದು ಮೂರು ನಾಲ್ಕು ಸೆಕೆಂಡಿಗೊಂದು. ಸ್ಪೀಡಿನ ತೊಂದರೆ ನನ್ನದಲ್ಲ. ನನ್ನ ತೊಂದರೆ ಅರ್ಧ ಒತ್ತು. ಬಟನ್ ರಬ್ಬರ್‌ನದು, ಮೆತ್ತಗೆ ಒಳಗೆ ಹೋಗುತ್ತದೆ. ತಾಗಿತೋ ಇಲ್ಲವೋ ಹೆಬ್ಬೆರಳಿಗೆ ಗೊತ್ತಾಗುವುದಿಲ್ಲ, ಪ್ರತಿ ಸಲ ಪರದೆ ನೋಡಬೇಕು. ಮಿಲ್ಲಿನ ಧೂಳಿಗೆ ಫೆಬ್ರವರಿಯಲ್ಲಿ ಇದು ಜಾಸ್ತಿ ಆಯಿತು. ಬಿಚ್ಚಿ ನೋಡಿದರೆ ರಬ್ಬರಿನ ಕೆಳಗಿನ ಕಪ್ಪು ಬಿಲ್ಲೆಯ ಮೇಲೆ ಬೇಳೆ ಹಿಟ್ಟು ನುಣ್ಣಗೆ ಕೂತಿತ್ತು. ಹತ್ತಿಯಿಂದ ಒರೆಸಿದೆ, ಮತ್ತೆ ಹೊಸದರಂತೆ ಆಯಿತು. ಎರಡು ವಾರಕ್ಕೊಮ್ಮೆ ಒರೆಸಲೇಬೇಕು.

ಫೋನಿನ ಆ್ಯಪ್ ಕೂಡ ಒಂದು ವಾರ ನೋಡಿದೆ. ವಾಲ್ಯೂಮ್ ಬಟನ್ ಒತ್ತಿದರೂ ಕೂಡುವಂಥದ್ದು ಇದೆ, ಒತ್ತಿದಾಗ ನಡುಗಿ ತಿಳಿಸುತ್ತದೆ, ಅದು ಚೆನ್ನ. ಆದರೆ ಕರೆ ಬಂದರೆ ಎಣಿಕೆ ನಿಲ್ಲುತ್ತದೆ. ಮಿಲ್ಲಿನಲ್ಲಿ ಕರೆ ಬರದ ಹತ್ತು ನಿಮಿಷ ಎಲ್ಲಿದೆ?

ಕೊನೆಗೆ ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಬಜಾರಿನ ಕಡೆ ಹೋಗಿ 190 ರೂಪಾಯಿಗೆ ಸ್ಟೀಲಿನ ಹಳೇ ನಮೂನೆಯದು ತಂದೆ. ಸೆಲ್ ಇಲ್ಲ, ಒಳಗೆ ಹಲ್ಲಿನ ಚಕ್ರ. 9999ರ ತನಕ ಹೋಗುತ್ತದೆ. ಒತ್ತಿದರೆ ಟಿಕ್ ಅಂತ ಹೆಬ್ಬೆರಳಿಗೆ ಹೊಡೆತ ಸಿಗುತ್ತದೆ, ಹಲಗೆ ಮೇಲಿನ ಹಮಾಲರಿಗೂ ಕೇಳುತ್ತದೆ. ಸೊನ್ನೆ ಮಾಡಲು ಪಕ್ಕದ ತಿರುಪು ತಿರುಗಿಸಬೇಕು, ಸೆರಗು ತಾಗಿದರೆ ಏನೂ ಆಗುವುದಿಲ್ಲ. ಮಿಲ್ಲಿಗೆ ಇದೇ ಸರಿ.

ಹಸಿರು ಕೌಂಟರನ್ನು ನಾನು ಮೂಲೆಗೆ ಹಾಕಿಲ್ಲ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಮದುವೆ ಮನೆಗಳಿಗೆ ಜೋಳದ ಖಡಕ್ ರೊಟ್ಟಿ ಮಾಡಿ ಕೊಡುತ್ತಾರೆ, ಒಂದೊಂದು ಆರ್ಡರ್ 500 ರೊಟ್ಟಿ. ಅವರಿಗೆ ಕೊಟ್ಟು ನೋಡಿದೆ. ಹಿಟ್ಟಿನ ಕೈಗೆ ಆಗಿಬರಲಿಲ್ಲ, 25ರ ಅಟ್ಟಿ ಕಟ್ಟುವುದೇ ಸುಲಭ ಅಂದರು. ನಿಜವಾಗಿ ಮೆಚ್ಚಿದ್ದು ಅವ್ವ. ಬೆಳಿಗ್ಗೆ ಲಿಂಗಪೂಜೆ ಆದ ಮೇಲೆ 108 ಸಲ ಓಂ ನಮಃ ಶಿವಾಯ ಹೇಳುತ್ತಾಳೆ. ಬೆರಳ ಗಂಟು ನೋವಿಗೆ ರುದ್ರಾಕ್ಷಿ ಮಣಿ ಜರುಗಿಸುವುದು ಕಷ್ಟ ಆಗಿತ್ತು. ಮೆತ್ತಗಿನ ರಬ್ಬರ್ ಬಟನ್ ಅವಳಿಗೆ ಹಿತ. ಸದ್ದೂ ಇಲ್ಲ. ನನಗೆ ತೊಡಕಾದದ್ದೇ ಅವಳಿಗೆ ಅನುಕೂಲ ಆಯಿತು. ಪಕ್ಕದ ಮನೆ ಚಾಚಿಯ ಕೈಯಲ್ಲೂ ಇಂಥದ್ದೇ ಇದೆ, ನಮಾಜ್ ಆದ ಮೇಲೆ 33, 33, 34 ಎಣಿಸುತ್ತಾರೆ. ಸಂಜೆ ಕಟ್ಟೆ ಮೇಲೆ ಇಬ್ಬರೂ ಕೂತಾಗ ಯಾರ ಕೌಂಟರಿನ ಸೆಲ್ ಎಷ್ಟು ದಿನ ಬಂತು ಅಂತ ಮಾತಾಡುತ್ತಾರೆ. ಅವ್ವನದು ನಾಲ್ಕು ತಿಂಗಳಾದರೂ ನಡೆಯುತ್ತಿದೆ.

ತೊಗೊಳ್ಳುವವರು ಅಂಗಡಿಯಲ್ಲೇ ನಿಂತು 100 ಸಲ ಒತ್ತಿ ನೋಡಿ, ಅದರಲ್ಲಿ 20 ಸಲ ಪರದೆ ನೋಡದೆ ಒತ್ತಿ. ಅಂಕಿ ತಪ್ಪಿದರೆ ಬೇರೆ ಪೀಸ್ ಕೇಳಿ. ಸೊನ್ನೆಯ ಬಟನ್ ಒಳಗೆ ತಗ್ಗಿನಲ್ಲಿ ಇರುವಂಥದ್ದೇ ಆರಿಸಿ. ಹತ್ತು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ.