ಡೊಂಬಿವಲಿಯ ಹಾಲ್‌ನಲ್ಲಿ ಮೂರು ಜೋಡಿ ಟವರ್ ಸ್ಪೀಕರ್

ನವಿ ಮುಂಬೈಯ ನೆರೂಳಿನ ಭಾವನ ಮನೆಯಿಂದ ಛೋಟಾ ಹಾಥಿ ಅನ್ನುವ ಸಣ್ಣ ಟೆಂಪೋದಲ್ಲಿ ಎರಡು ಉದ್ದನೆಯ ರಟ್ಟಿನ ಪೆಟ್ಟಿಗೆ ಬಂದಿಳಿದವು. ನಮ್ಮ ಸೊಸೈಟಿಯ ವಾಚ್‌ಮನ್ ಫ್ರಿಜ್ಜಾ ಅಂತ ಕೇಳಿದ. ಎರಡೆರಡು ಫ್ರಿಜ್ ಯಾಕೆ ಅಂತ ಅವನಿಗೇ ಅನುಮಾನ ಬಂದು ಲಿಫ್ಟಿನವರೆಗೂ ಹಿಂದೆ ಬಂದ. ಸ್ಪೀಕರ್ ಅಂದೆ. "ಗಣಪತಿಗಾ?" ಅಂದ.

ಗಣಪತಿಗಲ್ಲ, ನನಗೇ. ನನ್ನ ಹಳೆಯ ಸಣ್ಣ ಸ್ಪೀಕರ್‌ಗಳ ಕೋನ್ (ಅದುರಿ ಸದ್ದು ಹೊರಡಿಸುವ ತಟ್ಟೆ) ಸುತ್ತಲಿನ ಫೋಮು ಇಷ್ಟು ವರ್ಷದ ಮಳೆಗಾಲದ ತೇವಕ್ಕೆ ಪುಡಿಪುಡಿಯಾಗಿತ್ತು. ಈ ಸಲ ನೆಲದ ಮೇಲೇ ನಿಲ್ಲುವ ಟವರ್ ಸ್ಪೀಕರ್ ತರಬೇಕು ಅಂತ ಆಸೆ. ಆದರೆ ಶೋರೂಮಿನಲ್ಲಿ ಅರ್ಧ ಗಂಟೆ ಕೇಳಿ ಅಷ್ಟು ದುಡ್ಡು ಎಣಿಸುವ ಧೈರ್ಯ ಇರಲಿಲ್ಲ. ಹಾಗಾಗಿ ಮೂರು ಜೋಡಿಗಳನ್ನು ಒಂದಾದ ಮೇಲೆ ಒಂದರಂತೆ ಮನೆಗೇ ತಂದು, ಪ್ರತಿಯೊಂದನ್ನೂ ಎರಡೆರಡು ವಾರ ಇಟ್ಟುಕೊಂಡೆ. ಮೊದಲನೆಯದು ಭಾವನ ಕ್ಲಿಪ್ಶ್ ಆರ್‌ಪಿ-6000ಎಫ್. ಎರಡನೆಯದು ಡಾಲಿ ಓಬೆರಾನ್ 5, ಅಂಗಡಿಯವರು ಠೇವಣಿ ಇಟ್ಟುಕೊಂಡು ಕೊಟ್ಟಿದ್ದು. ಮೂರನೆಯದು ಠಾಣೆಯ ಸಹೋದ್ಯೋಗಿಯೊಬ್ಬರ ಕೆಫ್ ಕ್ಯೂ550. ಅವರು ಕೆನಡಾಕ್ಕೆ ಹೊರಟಿದ್ದರು, ಮಾರುವ ಆತುರದಲ್ಲಿದ್ದರು.

ಮೊದಲು ನಮ್ಮ ಹಾಲ್ ಬಗ್ಗೆ ಹೇಳಬೇಕು. ಅಗಲ 10 ಅಡಿ, ಉದ್ದ 14. ಒಂದು ಗಿಡ್ಡ ಗೋಡೆಗೆ ಟಿವಿ, ಎದುರಿನ ಗಿಡ್ಡ ಗೋಡೆಗೆ ಸೋಫಾ. ಟಿವಿಯ ಎಡಕ್ಕೆ ಬಾಲ್ಕನಿ ಬಾಗಿಲು, ಬಲಕ್ಕೆ ಚಪ್ಪಲಿ ಕಪಾಟು. ಸ್ಪೀಕರ್ ಹಿಂದೆ ಬಿಡಬಹುದಾದ ಜಾಗ ಒಂದು ಗೇಣು ಅಷ್ಟೇ. ಅದಕ್ಕಿಂತ ಮುಂದೆ ತಂದರೆ ಬಾಲ್ಕನಿ ಬಾಗಿಲು ಪೂರ್ತಿ ತೆರೆಯುವುದಿಲ್ಲ. "ಬಟ್ಟೆ ಎಲ್ಲಿ ಒಣ ಹಾಕ್ಲಿ, ನಿಮ್ಮ ಸ್ಪೀಕರ್ ಮೇಲಾ?" ಅಂತ ನನ್ನ ಹೆಂಡತಿ ಮೊದಲ ದಿನವೇ ಕೇಳಿದ್ದಳು. ಆಂಪ್ಲಿಫಯರ್ ಯಮಾಹಾ ಎ-ಎಸ್301, ಒಂದು ಚಾನೆಲ್‌ಗೆ 60 ವಾಟ್. ಅದನ್ನು ಬದಲಾಯಿಸುವ ಮಾತೇ ಇರಲಿಲ್ಲ.

ಇನ್ನೊಂದು ವಿಷಯ. ಯಾವುದೇ ಎರಡು ಸ್ಪೀಕರ್ ಪಕ್ಕಪಕ್ಕ ಇಟ್ಟು ಕೇಳಿದರೆ ಜೋರಾಗಿ ನುಡಿಯುವುದೇ ಚೆನ್ನಾಗಿದೆ ಅನ್ನಿಸುತ್ತದೆ. ಕಿವಿಯ ಸ್ವಭಾವವೇ ಹಾಗೆ. ಒಂದೇ ವಾಲ್ಯೂಮಿಗೆ ಕ್ಲಿಪ್ಶ್ ನುಡಿಯುವ ಜೋರು ಬೇರೆ, ಕೆಫ್ ನುಡಿಯುವ ಜೋರು ಬೇರೆ. ಅಷ್ಟೇ ವಿದ್ಯುತ್ತಿಗೆ ಎಷ್ಟು ಜೋರು ಅನ್ನುವ ಅಳತೆಗೆ ಸೆನ್ಸಿಟಿವಿಟಿ ಅನ್ನುತ್ತಾರೆ. ಕಾಗದದ ಮೇಲೆ ಕ್ಲಿಪ್ಶ್ ಸೆನ್ಸಿಟಿವಿಟಿ 97 ಡೆಸಿಬೆಲ್, ಡಾಲಿಯದು 88, ಕೆಫ್‌ದು 87. ಹತ್ತು ಡೆಸಿಬೆಲ್ ವ್ಯತ್ಯಾಸ ಅಂದರೆ ಹತ್ತು ಪಟ್ಟು ವಾಟು. ಕ್ಲಿಪ್ಶ್‌ಗೆ 2 ವಾಟ್ ಸಾಕಾಗುವ ಕಡೆ ಕೆಫ್‌ಗೆ 20 ಬೇಕು. ಶೋರೂಮಿನಲ್ಲಿ ಒಂದು ಗುಂಡಿ ಒತ್ತಿ ಇದರಿಂದ ಅದಕ್ಕೆ ಹಾರಿಸುತ್ತಾರಲ್ಲ, ಆಗ ಯಾವುದು ಗೆಲ್ಲುತ್ತದೆ ಅಂತ ಮೊದಲೇ ಹೇಳಬಹುದು. ನಾನೂ ಅಲ್ಲಿ ಕ್ಲಿಪ್ಶ್‌ಗೇ ಮರುಳಾಗಿದ್ದೆ. ಮನೆಯಲ್ಲಿ ಮಾತ್ರ ಫೋನಿನ ಆ್ಯಪ್ ಹಿಡಿದು, ಸೋಫಾದಲ್ಲಿ ಕೂತು, ಪ್ರತಿ ಜೋಡಿಗೂ ಸದ್ದಿನ ಮಟ್ಟ ಸಮ ಮಾಡಿಕೊಂಡ ಮೇಲೇ ಹಾಡು ಹಚ್ಚಿದೆ. ಫೋನಿನ ಮೈಕು ತಕ್ಕಡಿಯಷ್ಟು ಕರಾರುವಾಕ್ಕಲ್ಲ. ಮೂರಕ್ಕೂ ಅದೇ ಫೋನ್ ಆದ್ದರಿಂದ ಹೋಲಿಕೆಗೆ ಸಾಕು.

ಕ್ಲಿಪ್ಶ್ ನೋಡಲಿಕ್ಕೇ ಗತ್ತು. ಮೀಟರ್ ಎತ್ತರ, ಒಂದೊಂದು 20 ಕಿಲೋಗೂ ಜಾಸ್ತಿ. ತಗ್ಗಿನ ಸ್ವರಕ್ಕೆ ತಾಮ್ರದ ಬಣ್ಣದ ಎರಡು ಆರೂವರೆ ಇಂಚಿನ ವೂಫರ್, ಮೇಲೆ ಕಹಳೆಯ ಬಾಯಿಯಂಥ ಹಾರ್ನ್, ಅದರ ಆಳದಲ್ಲಿ ಮೇಲಿನ ಸ್ವರಕ್ಕೆ ಟೈಟಾನಿಯಂ ಟ್ವೀಟರ್. ನಾನು ಮೊದಲು ಹಚ್ಚಿದ್ದು ಯಕ್ಷಗಾನ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬೈಗೆ ಬಂದು ಆಟ ಆಡುತ್ತಾರಲ್ಲ, ಮುಂದಿನ ಸಾಲಿನಲ್ಲಿ ಕೂತರೆ ಚಂಡೆಯ ಮೊದಲ ಪೆಟ್ಟು ಕಿವಿಗಿಂತ ಮುಂಚೆ ಎದೆಗೆ ತಾಗುತ್ತದೆ. ಆ ಪೆಟ್ಟು ಮೂರು ಜೋಡಿಗಳಲ್ಲಿ ಸರಿಯಾಗಿ ಬಂದದ್ದು ಇದೊಂದರಲ್ಲೇ. ಕೋಲು ಚರ್ಮಕ್ಕೆ ಬಿದ್ದ ಕ್ಷಣ, ಆಮೇಲೆ ಅದರ ಕಂಪನ, ಎರಡೂ ಬೇರೆ ಬೇರೆ ಕೇಳಿಸಿದವು. ನಾನು ಒಬ್ಬನೇ ಇದ್ದೆ, ಎದ್ದು ನಿಂತೇ ಕೇಳಿದೆ. ಸುಳ್ಳು ಯಾಕೆ ಹೇಳಲಿ, ಕುಣಿಯುವುದೊಂದು ಬಾಕಿ.

ಮೂರನೇ ದಿನದಿಂದ ತೊಂದರೆ ಶುರುವಾಯಿತು. ತಪ್ಪು ಸ್ಪೀಕರ್‌ದಲ್ಲ, ನಮ್ಮ ಗೋಡೆಗಳದ್ದು. ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. 14 ಅಡಿಯ ಎರಡು ಗೋಡೆಗಳ ನಡುವೆ ಸರಿಯಾಗಿ ಅರ್ಧ ಅಲೆ ಕೂರುವುದು 40 ಹರ್ಟ್ಜ್ ಹತ್ತಿರ, ಅಂದರೆ ಸೆಕೆಂಡಿಗೆ 40 ಕಂಪನದ ತೀರಾ ತಗ್ಗಿನ ಸ್ವರದಲ್ಲಿ. ಆ ಸ್ವರ ಬಂದಾಗಲೆಲ್ಲ ಹಾಲ್ ತಾನೂ ದನಿಗೂಡಿಸುತ್ತದೆ, ಗಡಿಗೆಯೊಳಗೆ ಕೂಗಿದ ಹಾಗೆ. ಅಡ್ಡಗಲದ 10 ಅಡಿಗೆ ಇದೇ ಲೆಕ್ಕದಲ್ಲಿ 56 ಹರ್ಟ್ಜ್. ಗುಡುಗು ಎಲ್ಲಕ್ಕಿಂತ ಜಾಸ್ತಿ ಕೇಳಿಸುವುದು ಗೋಡೆಯ ಪಕ್ಕದಲ್ಲೇ, ನಮ್ಮ ಸೋಫಾ ಇರುವುದೂ ಅಲ್ಲೇ! ಕ್ಲಿಪ್ಶ್ ಆರಾಮವಾಗಿ 35 ಹರ್ಟ್ಜ್ ಆಸುಪಾಸಿನವರೆಗೆ ಇಳಿಯುತ್ತದೆ. ಅದರ ಪೋರ್ಟ್, ಅಂದರೆ ಪೆಟ್ಟಿಗೆಯೊಳಗಿನ ಗಾಳಿ ಆಡುವ ತೂತು, ಹಿಂಬದಿಗೆ, ಗೋಡೆ ಒಂದೇ ಗೇಣು ದೂರ. ತಬಲಾದ ಬಾಯಾಂ (ಎಡಗೈಯ ದಪ್ಪ ದನಿಯ ಡಗ್ಗಾ) ಒಮ್ಮೆ ಗುಂಯ್ ಅಂದರೆ ಮುಂದಿನ ಎರಡು ಮಾತ್ರೆಯವರೆಗೂ ಅದೇ ಗುಂಯ್. ಪೋರ್ಟಿಗೆ ಹಳೆಯ ಕಾಲುಚೀಲ ಸುತ್ತಿ ತುರುಕಿದೆ. ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ.

ಇಲ್ಲೊಂದು ತಮಾಷೆ ಇದೆ. ಪಾಲ್ ಕ್ಲಿಪ್ಶ್ 1946ರಲ್ಲಿ ಅರ್ಕನ್ಸಾಸ್‌ನ ಹೋಪ್ ಅನ್ನುವ ಊರಿನಲ್ಲಿ ಕಂಪನಿ ಶುರು ಮಾಡಿದಾಗ ಮಾರಿದ್ದು ಗೋಡೆಯ ಮೂಲೆಗೇ ಆತು ನಿಲ್ಲುವ ಸ್ಪೀಕರ್. ಮೂಲೆಯ ಎರಡು ಗೋಡೆಗಳೇ ಅದರ ಹಾರ್ನಿನ ಮುಂದುವರಿದ ಭಾಗ. ಅದೇ ಮನೆತನದ ಈ ಟವರಿಗೆ ನಮ್ಮ ಮೂಲೆ ಆಗಿಬರಲಿಲ್ಲ.

ಕೆಳಗಿನ ಮನೆಯ ಕಾಕಾ ಒಳ್ಳೆಯವರು. ದೂರು ಕೊಡಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ "ನಿಮ್ಮಲ್ಲಿ ರಿಪೇರಿ ಕೆಲಸ ನಡೀತಿದೆಯಾ?" ಅಂತಷ್ಟೇ ಕೇಳಿದರು. ವಸತಿ ಪ್ರದೇಶಕ್ಕೆ ನಿಯಮದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ನಾನು ಅದನ್ನು ಮೀರಿದ್ದೆನೋ ಇಲ್ಲವೋ, ಸ್ಲ್ಯಾಬ್ ದಾಟಿ ಕೆಳಗೆ ಹೋಗುವುದು ಈ ದಪ್ಪ ಬಾಸೇ ಅಲ್ವಾ. ಸ್ಪೀಕರ್ ಅಡಿಯ ಚೂಪು ಕಾಲುಗಳಾದ ಸ್ಪೈಕುಗಳ ಕೆಳಗೆ ಎರಡು ರೂಪಾಯಿ ನಾಣ್ಯ ಇಟ್ಟಿದ್ದೆ, ಟೈಲ್ಸಿಗೆ ಗೀರು ಬೀಳದಿರಲಿ ಅಂತ. ಕಾಕಾ ಕೇಳಿದ ಮೇಲೆ ಸ್ಪೈಕ್ ಬಿಚ್ಚಿ ಕಡಪಾ ಕಲ್ಲು, ಅದರಡಿ ರಬ್ಬರ್ ಹಾಳೆ ಹಾಕಿದೆ. ಇದು ಮೂರು ಜೋಡಿಗೂ ಉಪಯೋಗಕ್ಕೆ ಬಂತು.

ಡಾಲಿ ಪೆಟ್ಟಿಗೆಯಿಂದ ಹೊರಬಂದಾಗ ಮಗಳು "ಇಷ್ಟೇನಾ?" ಅಂದಳು. ಎತ್ತರ 83 ಸೆಂಟಿಮೀಟರ್, ಅಗಲ 16 ಚಿಲ್ಲರೆ, ತೂಕ 11 ಕಿಲೋದ ಒಳಗೆ. ಬಗಲಲ್ಲಿ ಎತ್ತಿಕೊಂಡು ಹೋಗಬಹುದು. ಡೆನ್ಮಾರ್ಕಿನ ಕಂಪನಿ, 1983ರಿಂದ ಇದೆ. ವೂಫರ್ ಕೋನಿನಲ್ಲಿ ಕಾಗದದ ತಿರುಳಿನ ಜೊತೆ ಮರದ ನಾರು ಸೇರಿಸುತ್ತಾರೆ, ಬಣ್ಣ ಕೆಂಪು ಕಂದು. ಬೇರೆ ಸ್ಪೀಕರ್‌ಗಳನ್ನು ಕೂತವರ ಕಡೆ ಸ್ವಲ್ಪ ತಿರುಗಿಸಿ ಇಡುವ ರೂಢಿ. ಡಾಲಿಯವರು ನೇರವಾಗಿ ಮುಂದಕ್ಕೇ ಮುಖ ಮಾಡಿ ಇಡಿ ಅನ್ನುತ್ತಾರೆ. ಇಟ್ಟೆ. ಅವರು ಹೇಳಿದ್ದೇ ಸರಿ.

ಇದರಲ್ಲಿ ಗಂಗೂಬಾಯಿ ಹಾನಗಲ್ ಅವರನ್ನು ಕೇಳಬೇಕು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ದನಿ ಗಡುಸಾಗಿ, ಕೆಳಗಿನ ಸ್ವರದಲ್ಲಿ ಗಂಡು ದನಿಯಂತೆ ಕೇಳುತ್ತದೆ. ಒಳ್ಳೆಯ ಸ್ಪೀಕರ್‌ಗೆ ಇದಕ್ಕಿಂತ ಕಷ್ಟದ ಪರೀಕ್ಷೆ ನನಗೆ ಗೊತ್ತಿಲ್ಲ. ಬಾಸ್ ಜಾಸ್ತಿಯಾದರೆ ಅವರು ಗಂಡಸೇ ಆಗಿಬಿಡುತ್ತಾರೆ. ಮೇಲಿನ ಸ್ವರ ಜಾಸ್ತಿಯಾದರೆ ಆ ಗಡಸುತನ ಬರೀ ಕರ್ಕಶ. ಹಳೆಯ ರೇಡಿಯೋ ಧ್ವನಿಮುದ್ರಣಗಳಲ್ಲಿ ಟೇಪಿನ ಸುಯ್ ಸದ್ದು ಬೇರೆ ಇರುತ್ತದೆ. ಕ್ಲಿಪ್ಶ್ ಆ ಸುಯ್ ಸದ್ದನ್ನೂ ಮುಂದೆ ತಂದು ಕೂರಿಸುತ್ತಿತ್ತು. ಡಾಲಿಯಲ್ಲಿ ಅದು ಹಿಂದೆ ಸರಿದು, ದನಿಗೆ ಒಂದು ಮೈ ಬಂತು. ಬಾಯಿ ತೆರೆದದ್ದು, ಉಸಿರು ಎಳೆದದ್ದು, ಸ್ವರವನ್ನು ಮೆಲ್ಲಗೆ ಒರೆಸಿದ ಹಾಗೆ ಕೆಳಗಿಳಿಸಿದ್ದು, ಎಲ್ಲ ಕೇಳಿತು. ಭೀಮಸೇನ ಜೋಶಿಯವರ ದಾಸರ ಪದ ಹಚ್ಚಿದಾಗ ಅಡುಗೆಮನೆಯಿಂದ ಹೆಂಡತಿ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ನಿಂತಳು. ಮಾತಾಡಲಿಲ್ಲ. ಕ್ಲಿಪ್ಶ್ ಎರಡು ವಾರದಲ್ಲಿ ಇದನ್ನು ಮಾಡಿಸಿರಲಿಲ್ಲ.

ಆದರೆ ಡಾಲಿಯ ಪೋರ್ಟೂ ಹಿಂದೆಯೇ. ಗೋಡೆಯಿಂದ ಒಂದೂವರೆ ಅಡಿ ಮುಂದೆ ಎಳೆದಿಟ್ಟಾಗ ಈ ಸುಖ. ಗೇಣು ದೂರಕ್ಕೆ ತಳ್ಳಿದರೆ ಗಂಡಸರ ದನಿಯ ಕೆಳಭಾಗ ಹಿಟ್ಟು ಕಲಸಿದಂತೆ ಮಂದವಾಯಿತು. ಗಂಡಸರ ತಂಬೂರಿಯ ಮಂದ್ರ ಷಡ್ಜ 70 ಹರ್ಟ್ಜ್ ಹತ್ತಿರ, ಅದೂ ಊದಿಕೊಂಡಿತು. ಕಾಲುಚೀಲ ತುರುಕಿದರೆ ಊತ ಇಳಿಯಿತು, ಜೊತೆಗೆ ಆ ಮೈಯೂ ಸ್ವಲ್ಪ ಇಳಿಯಿತು. ದಿನಾ ಸಂಜೆ ಮುಂದೆ ಎಳೆಯುವುದು, ಬೆಳಿಗ್ಗೆ ಹಿಂದೆ ತಳ್ಳುವುದು ಅಂತ ಒಂದು ವಾರ ಮಾಡಿದೆ. ಹಗುರವಾದ್ದರಿಂದ ಮಾಡಲಿಕ್ಕಾಗುತ್ತದೆ. ಎಂಟನೇ ದಿನ ಪೊರಕೆಯ ಹಿಡಿ ತಾಗಿ ಒಂದು ಡಾಲಿ ವಾಲಿತು, ಮಗಳು ಹಿಡಿದಳು. ಠೇವಣಿಯ ಮೊತ್ತ ಕಣ್ಣ ಮುಂದೆ ಬಂತು.

ಕೆಫ್ ನೋಡಲಿಕ್ಕೆ ಸಾದಾ. ಮುಂದೆ ಒಂದೇ ಅಳತೆಯ ನಾಲ್ಕು ತಟ್ಟೆಗಳು, ಐದೂಕಾಲು ಇಂಚಿನವು. ನಾಲ್ಕೂ ವೂಫರ್ ಅಂದುಕೊಂಡರೆ ಮೋಸ. ಒಂದರ ನಟ್ಟನಡುವೆ ಟ್ವೀಟರ್ ಕೂತಿದೆ, ಕೆಫ್‌ನವರು 1988ರಿಂದ ಯುನಿ-ಕ್ಯೂ ಅಂತ ಕರೆಯುವುದು ಇದನ್ನೇ. ಇನ್ನೊಂದು ಬಾಸ್‌ಗೆ. ಉಳಿದೆರಡಕ್ಕೆ ವೈರೇ ಇಲ್ಲ. ಪೆಟ್ಟಿಗೆಯೊಳಗಿನ ಗಾಳಿ ತಳ್ಳಿದಂತೆ ಅವು ಆಡುತ್ತವೆ. ಪೋರ್ಟಿನ ತೂತಿನ ಕೆಲಸವನ್ನು ಅವೇ ಮಾಡುತ್ತವೆ, ಅದೂ ಮುಂಬದಿಯಲ್ಲಿ. ಹಿಂದೆ ತೂತೇ ಇಲ್ಲ!

ಗೇಣು ದೂರದಲ್ಲಿ ಇಟ್ಟೆ, ಬಾಲ್ಕನಿ ಬಾಗಿಲು ಪೂರ್ತಿ ತೆರೆಯಿತು, ಗುಂಯ್ ಇಲ್ಲ. ಕಾಗದದಲ್ಲಿ ಇದು ಇಳಿಯುವುದು 58 ಹರ್ಟ್ಜ್‌ವರೆಗೆ ಅಷ್ಟೇ. ಶೋರೂಮಿನ ದೊಡ್ಡ ಕೋಣೆಯಲ್ಲಿ ಬಡಕಲಾಗಿ ಕೇಳಿತ್ತು, ನಾನು ಎರಡು ಹಾಡಿಗೇ ಎದ್ದು ಬಂದಿದ್ದೆ. ನಮ್ಮ ಹಾಲ್‌ನಲ್ಲಿ ಅದಕ್ಕೆ ಕಡಿಮೆ ಬಿದ್ದದ್ದನ್ನು ಗೋಡೆಗಳೇ ಸ್ವಲ್ಪ ತುಂಬಿಕೊಟ್ಟವು. ಕ್ಲಿಪ್ಶ್‌ಗೆ ಶತ್ರುವಾಗಿದ್ದ 40 ಹರ್ಟ್ಜ್ ಇದಕ್ಕೆ ಸಾಲ ಕೊಟ್ಟ ನೆಂಟ.

ಎಲ್ಲಿ ಕೂತರೂ ಹಾಡುವವರು ನಡುವೆಯೇ ಇರುತ್ತಾರೆ. ಇದು ಯುನಿ-ಕ್ಯೂನ ಗುಣ, ಮೇಲಿನ ಸ್ವರವೂ ನಡುವಿನ ಸ್ವರವೂ ಒಂದೇ ಬಿಂದುವಿನಿಂದ ಹೊರಡುತ್ತವೆ. ನಾನು ಸೋಫಾದ ನಡುವೆ ಕೂರುವುದು ವಾರಕ್ಕೊಮ್ಮೆ. ಮಿಕ್ಕ ದಿನ ಮಗಳು ಅಲ್ಲಿ ಮಲಗಿರುತ್ತಾಳೆ, ನಾನು ಪಕ್ಕದ ಕುರ್ಚಿ. ಡಾಲಿ ಪಕ್ಕದಿಂದ ಪರವಾಗಿಲ್ಲ, ಕ್ಲಿಪ್ಶ್‌ನಲ್ಲಿ ಹತ್ತಿರದ ಸ್ಪೀಕರ್ ಒಂದೇ ಹಾಡುತ್ತಿರುವ ಹಾಗಿತ್ತು. ಕ್ರಿಕೆಟ್ ಕಾಮೆಂಟರಿ, ಧಾರಾವಾಹಿ ಮಾತು, ಇವೆಲ್ಲ ಕೆಫ್‌ನಲ್ಲಿ ಮೆಲ್ಲಗಿದ್ದರೂ ಸ್ಪಷ್ಟ. ರಾತ್ರಿ ಊಟ ಆದ ಮೇಲೆ ಯಮಾಹಾದ ಲೌಡ್‌ನೆಸ್ ತಿರುಗಣಿ ಸ್ವಲ್ಪ ತಿರುಗಿಸಿದರೆ ಸಣ್ಣ ದನಿಯಲ್ಲೂ ತಬಲಾಕ್ಕೆ ತೂಕ ಉಳಿಯುತ್ತದೆ. ಕಾಕಾ ರಿಪೇರಿ ವಿಚಾರಿಸುವುದನ್ನು ಬಿಟ್ಟಿದ್ದಾರೆ.

ಕೊರತೆಗಳೂ ಇವೆ. ಚಂಡೆ ಇಲ್ಲಿ ಸಭ್ಯವಾಗಿ ಬಾರಿಸುತ್ತದೆ, ಎದೆಗೆ ತಾಗುವುದಿಲ್ಲ. ಗಂಗೂಬಾಯಿಯವರ ದನಿಯಲ್ಲಿ ಡಾಲಿ ಕೊಟ್ಟ ಆ ಬಿಸುಪಿಗೆ ಒಂದು ಹೆಜ್ಜೆ ಹಿಂದೆ. ವಾಟ್ ಬೇಡುತ್ತದೆ. ಕ್ಲಿಪ್ಶ್‌ಗೆ ಎಂಟು ಗಂಟೆಯ ಮುಳ್ಳಿನ ಹತ್ತಿರ ನಿಲ್ಲುತ್ತಿದ್ದ ವಾಲ್ಯೂಮು ಈಗ ಹನ್ನೊಂದರ ಹತ್ತಿರ.

ವೈರಿನ ಬಗ್ಗೆ ಎರಡೇ ಮಾತು. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ, 14 ಗೇಜಿನ ಸಾದಾ ತಾಮ್ರದ ವೈರು ಮೀಟರ್ ಲೆಕ್ಕದಲ್ಲಿ ತಂದೆ. ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಹೊಳೆಯುವ ವೈರು ತೋರಿಸಿದರು. ಉಗುರಿನಿಂದ ಕೆರೆದರೆ ಒಳಗೆ ಬಿಳಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಕೆರೆದು ನೋಡಿ ತಗೊಳ್ಳಿ. ದುಬಾರಿ ವೈರಿಗೆ ಸುಮ್ನೆ ದುಡ್ಡು ಸುರಿಯಬೇಡಿ, ನಮ್ಮ ಮೂರು ಮೀಟರಿನಲ್ಲಿ ಏನೂ ಗೊತ್ತಾಗುವುದಿಲ್ಲ.

ಡಾಲಿ ವಾಪಸ್ ಕೊಡುವ ಹಿಂದಿನ ರಾತ್ರಿ ಅದನ್ನು ಮತ್ತೆ ಒಂದೂವರೆ ಅಡಿ ಮುಂದೆ ಎಳೆದು, ಬಾಲ್ಕನಿಗೆ ಹೋಗುವ ದಾರಿ ಮುಚ್ಚಿ, ಒಂದು ತಾಸು ಗಂಗೂಬಾಯಿಯವರನ್ನು ಕೇಳಿದೆ. ಸ್ವಲ್ಪ ದೊಡ್ಡ ಹಾಲ್ ಇದ್ದಿದ್ದರೆ ಅದನ್ನು ಬಿಡುತ್ತಿರಲಿಲ್ಲ. ಕೊಂಡದ್ದು ಸಹೋದ್ಯೋಗಿಯ ಕೆಫ್, ಹೊಸದರ ಅರ್ಧ ಬೆಲೆಗೆ. ಕ್ಲಿಪ್ಶ್ ನೆರೂಳಿಗೆ ಮರಳಿತು. ಭಾವನ ಹಾಲ್ ನಮ್ಮ ಎರಡರಷ್ಟು, ಅವರ ಸೋಫಾ ಗೋಡೆಯಿಂದ ಐದಡಿ ಈಚೆ ಇದೆ. ಅಲ್ಲಿ ಅದೇ ತಬಲಾ ಒಂದೇ ಪೆಟ್ಟಿಗೆ ಮುಗಿಯುತ್ತದೆ, ಗುಂಯ್ ಸುಳಿವಿಲ್ಲ.

ಕಳೆದ ಭಾನುವಾರ ಭಾವ ಬಂದವರು ಅರ್ಧ ಗಂಟೆ ಕೆಫ್ ಕೇಳಿ, "ಎಲ್ಲ ಸರಿ ಮಾರಾಯ, ಬಾಸ್ ಎಲ್ಲಿ?" ಅಂದರು. ಚಪ್ಪಲಿ ಕಪಾಟು ತೆಗೆದರೆ ಆ ಜಾಗದಲ್ಲಿ ಒಂದು ಸಣ್ಣ ಸಬ್‌ವೂಫರ್ ಕೂರುತ್ತದೆ, ಅಳತೆ ಹಿಡಿದು ನೋಡಿದ್ದೇನೆ. ಮನೆಯಲ್ಲಿ ಆ ಮಾತು ಇನ್ನೂ ಎತ್ತಿಲ್ಲ.