ಹೆಡ್ ಪೋರ್ಟಿಂಗ್‌ಗೆ ಓಪನ್‌ಫೋಮ್: ಎಲ್ಲ ತಕರಾರೂ ಸೀಟಿನ ಸಂದಿಯಲ್ಲೇ

ಓಪನ್‌ಫೋಮ್ ಅಂದರೆ ಗಾಳಿ, ನೀರಿನ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ಲೈಸೆನ್ಸ್ ಮುಗಿಯುವ ಭಯವಿಲ್ಲ. ಉಳಿದ ಗುಣಗಾನ ಎಲ್ಲೆಡೆ ಸಿಗುತ್ತದೆ, ಬಿಡಿ. ಸಿಲಿಂಡರ್ ಹೆಡ್ ಪೋರ್ಟನ್ನು, ಅಂದರೆ ಇಂಜಿನ್ನಿಗೆ ಗಾಳಿ ಹೋಗುವ ದಾರಿಯನ್ನು, ಕೆರೆದು ತಿದ್ದಲು ಇದನ್ನು ಬಳಸುವವರ ತಲೆ ತಿನ್ನುವುದು ಒಂದೇ ಜಾಗ: ವಾಲ್ವ್ ಮತ್ತು ಅದು ಕೂರುವ ಸೀಟಿನ ನಡುವಿನ ಸಂದಿ.

ವಾಲ್ವ್ 1 ಮಿ.ಮೀ. ಎದ್ದಾಗ 45 ಡಿಗ್ರಿ ಸೀಟಿನಲ್ಲಿ ಗಾಳಿಗೆ ಸಿಗುವ ದಾರಿ ಬರೀ 0.7 ಮಿ.ಮೀ. ಲೆಕ್ಕಕ್ಕಾಗಿ ಜಾಗವನ್ನು ಪುಟ್ಟ ಸೆಲ್‌ಗಳ ಜಾಲವಾಗಿ (ಮೆಶ್) ಹೋಳು ಮಾಡಬೇಕು. ಮೂಲ ಸೆಲ್ 4 ಮಿ.ಮೀ. ಇಟ್ಟು, ಹಂತಕ್ಕೊಮ್ಮೆ ಅರ್ಧ ಮಾಡುತ್ತಾ ನಾಲ್ಕನೇ ಹಂತದವರೆಗೆ ಒಡೆದರೆ ಸೆಲ್ 0.25 ಮಿ.ಮೀ. ಆಗುತ್ತದೆ, ಅಂದರೆ ಸಂದಿಯ ಅಡ್ಡಕ್ಕೆ ಮೂರು ಸೆಲ್ ಕೂಡ ಹಿಡಿಯುವುದಿಲ್ಲ. ಮೆಶ್ ಮಾಡುವ ಸ್ನ್ಯಾಪಿಹೆಕ್ಸ್‌ಮೆಶ್ ಅಲ್ಲಲ್ಲಿ ದಾರಿಯನ್ನೇ ಮುಚ್ಚಿಬಿಡುತ್ತದೆ. ಕೆಟ್ಟ ಸಂಗತಿಯೆಂದರೆ ಅದು ದೂರುವುದಿಲ್ಲ. ಲೆಕ್ಕ ಸಲೀಸಾಗಿ ಓಡಿ ಮುಗಿಯುತ್ತದೆ. ಕಡಿಮೆ ಲಿಫ್ಟಿನಲ್ಲಿ (ವಾಲ್ವ್ ಏಳುವ ಎತ್ತರ) ಹರಿವು ಬಿದ್ದುಹೋದದ್ದನ್ನು ನೋಡಿ ಸೀಟ್ ಕಟಿಂಗೇ ಸರಿಯಿಲ್ಲ ಅಂದುಕೊಳ್ಳುವವರು ಇದ್ದಾರೆ. ಆರನೇ ಹಂತಕ್ಕೆ ಹೋದರೆ ಹನ್ನೊಂದು ಸೆಲ್ ಸಿಗುತ್ತವೆ, ಆದರೆ ಒಂದೊಂದು ಹಂತಕ್ಕೂ ಆ ಭಾಗದ ಸೆಲ್‌ಗಳು ಎಂಟು ಪಟ್ಟಾಗಿ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಆದ್ದರಿಂದ ಆರನೇ ಹಂತವನ್ನು ಸೀಟಿನ ಸುತ್ತ 2 ಮಿ.ಮೀ. ದಪ್ಪದ ಉಂಗುರಕ್ಕೆ ಮಾತ್ರ ಕೊಡಿ. ಸೀಟಿನ ಹಿಂದಿನ ಬೌಲ್‌ಗೂ ಪೋರ್ಟಿನ ತಳ ಬಾಗುವ ಶಾರ್ಟ್ ಸೈಡ್‌ಗೂ ಮೂರು ಅಥವಾ ನಾಲ್ಕು ಸಾಕು.

ಸೀಟಿನ ಅಂಚಿನದು ಇನ್ನೊಂದು ಕಥೆ. 30, 45, 60 ಡಿಗ್ರಿಯ ಮೂರು ಕಟ್ ಇದ್ದರೆ ಪಕ್ಕಪಕ್ಕದ ಮುಖಗಳ ನಡುವಿನ ಒಳಕೋನ 165 ಡಿಗ್ರಿ. ಇಷ್ಟು ಡಿಗ್ರಿಗಿಂತ ಕಡಿಮೆ ಒಳಕೋನವಿದ್ದರೆ ಮಾತ್ರ ಅಂಚೆಂದು ಹಿಡಿ ಎನ್ನುವ ಸೆಟ್ಟಿಂಗ್ ಇನ್‌ಕ್ಲೂಡೆಡ್‌ಆಂಗಲ್; ಉದಾಹರಣೆ ಫೈಲುಗಳಿಂದ ಎತ್ತಿಕೊಂಡದ್ದು ಸಾಮಾನ್ಯವಾಗಿ 150 ಇರುತ್ತದೆ. ಅದಕ್ಕೆ ಈ ಅಂಚುಗಳು ಕಾಣುವುದೇ ಇಲ್ಲ. ನೀವು ಜತನದಿಂದ ಬರೆದ ಮೂರು ಕಟ್ ಮೆಶ್‌ನಲ್ಲಿ ಸವೆದ ಸೀಟಿನಂತೆ ಉರುಟಾಗಿ ಬರುತ್ತದೆ. 170 ಮಾಡಿದರೆ ಅಂಚು ಸಿಗುತ್ತದೆ, ಜೊತೆಗೆ ಸ್ಕ್ಯಾನ್‌ನ ಪ್ರತಿ ಗುಳಿಯೂ ಅಂಚಾಗಿ ಕೂರುತ್ತದೆ. ಪರಿಹಾರ: ಸಿಲಿಕೋನ್ ಅಚ್ಚಿನಿಂದ ಸ್ಕ್ಯಾನ್ ಮಾಡಿದ ಪೋರ್ಟ್ ಒಂದು ಫೈಲು, ಕ್ಯಾಡ್‌ನಲ್ಲಿ ಬರೆದ ಸೀಟ್ ಮತ್ತು ವಾಲ್ವ್ ಬೇರೆ ಫೈಲು. 170 ಅನ್ನು ಎರಡನೆಯದಕ್ಕೆ ಮಾತ್ರ ಹಾಕಿ. ಈ ಅಂಚು ಹುಡುಕುವ ಕಮ್ಯಾಂಡಿಗೆ ಓಪನ್‌ಫೋಮ್‌ನ ಎರಡು ಶಾಖೆಗಳಲ್ಲಿ ಎರಡು ಹೆಸರು. ಒಂದರ ಪಾಠ ಓದಿ ಇನ್ನೊಂದರಲ್ಲಿ ಟೈಪ್ ಮಾಡುತ್ತಾ ಕೂತರೆ ಸಂಜೆಯೇ ಹೋಗುತ್ತದೆ.

ಒತ್ತಡದ ವಿಷಯದಲ್ಲೂ ಒಂದು ಬಲೆ ಇದೆ. ಹೆಡ್ ಮೂಲಕ ಗಾಳಿ ಎಳೆದು ಹರಿವು ಅಳೆಯುವ ಫ್ಲೋ ಬೆಂಚಿನ 28 ಇಂಚು ನೀರಿನ ಒತ್ತಡ ಅಂದರೆ ಸುಮಾರು 6970 ಪಾಸ್ಕಲ್. ಓಪನ್‌ಫೋಮ್‌ನೊಳಗಿನ ಲೆಕ್ಕದ ಪ್ರೋಗ್ರಾಂ ಸಿಂಪಲ್‌ಫೋಮ್ ಕೇಳುವುದು ಒತ್ತಡವನ್ನು ಸಾಂದ್ರತೆಯಿಂದ ಭಾಗಿಸಿದ ಅಂಕಿ, ಅಂದರೆ ಸುಮಾರು 5800. ನೇರವಾಗಿ 6970 ತುಂಬಿದರೆ ಹರಿವು ಶೇ. 9ಕ್ಕೂ ಹೆಚ್ಚು ಉಬ್ಬಿ ಬರುತ್ತದೆ, ಪೋರ್ಟ್ ಮುಟ್ಟದೆಯೇ! ಪೋರ್ಟಿನ ಬಾಯಿಗೆ ಬೆಂಚಿನಲ್ಲಿ ಕ್ಲೇ ಕಟ್ಟುವ ಹಾಗೆ ಇಲ್ಲೂ ದುಂಡನೆಯ ಬಾಯಿ ಕೊಡಿ. ಚೂಪು ಅಂಚು ಬಿಟ್ಟರೆ ಗಾಳಿ ಅಲ್ಲೇ ಗೋಡೆ ಬಿಟ್ಟು, ಒಳಗೆ ಮಾಡಿದ ಸುಧಾರಣೆ ಅಂಕಿಯಲ್ಲಿ ಕಾಣುವುದಿಲ್ಲ.

ಇಷ್ಟೆಲ್ಲ ಬೈದುಕೊಂಡೂ ಬಿಡಲಾಗದಿರುವುದಕ್ಕೆ ಬೆಳಗಿನ ಹೊತ್ತು ಕಾರಣ. ರಾತ್ರಿ ಓಡಲು ಬಿಟ್ಟದ್ದನ್ನು ಬೆಳಿಗ್ಗೆ ತೆರೆದು ಮೊದಲು ಲಾಗ್‌ನಲ್ಲಿ ಗೋಡೆಗಂಟಿದ ತೆಳು ಸೆಲ್‌ಗಳ ಪದರ ಎಷ್ಟು ಬಂತೆಂಬ ಪಟ್ಟಿ, ಆಮೇಲೆ ಹರಿವಿನ ಗೆರೆ ಮಟ್ಟಸಕ್ಕೆ ಬಂತೇ ಎಂದು ನೋಡುವುದು. ಕೊನೆಗೆ ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂನಲ್ಲಿ ವಾಲ್ವ್ ಕಾಂಡದ ನಡುವಿನಿಂದ ಸೀಳಿ, ಪೋರ್ಟಿನ ತಳ ಬಾಗುವ ಜಾಗಕ್ಕೆ ಹತ್ತಿರ ಹೋಗುವುದು. ಗೋಡೆಯ ಮೇಲಿನ ಘರ್ಷಣೆಯ ಬಾಣಗಳು ಅಲ್ಲಿ ಸುತ್ತಲಿನ ಬಾಣಗಳಿಗೆ ಉಲ್ಟಾ ತಿರುಗಿದ್ದರೆ ಗಾಳಿ ಅಲ್ಲೇ ತಳ ಬಿಟ್ಟಿದೆ. ತಳ ಬಿಡುವ ಆ ಗೆರೆಯನ್ನು ಬೆಂಚು ತೋರಿಸುವುದಿಲ್ಲ. ಗಾಳಿಯ ವೇಗ ಅಳೆಯುವ ಪಿಟಾಟ್ ಕೊಳವೆ ತೂರಿಸಿದರೆ ಅದೇ ಅಲ್ಲಿನ ಹರಿವನ್ನು ಕೆಡಿಸುತ್ತದೆ. ಗ್ರೈಂಡರ್ ಕೈಗೆ ಬಂದವರೆಲ್ಲ ಶಾರ್ಟ್ ಸೈಡನ್ನೇ ಕೆರೆಯುತ್ತಾರೆ. ಇಲ್ಲಿ ನೋಡಿದರೆ ಎಷ್ಟೋ ಸಲ ಅಲ್ಲಿ ಲೋಹ ಸೇರಿಸಿ ತಿರುವನ್ನು ದೊಡ್ಡದು ಮಾಡಬೇಕು, ಕೆರೆಯಬೇಕಾದದ್ದು ಚಾವಣಿ ಕಡೆ. ಅದನ್ನು ಫೈಲಿನಲ್ಲೇ ತುಂಬಿ ಓಡಿಸಿ ನೋಡುವ ಸುಖಕ್ಕೆ ಬೇರೆ ಬೆಲೆ ಕಟ್ಟಬೇಕಿಲ್ಲ. ಹೆಡ್ ಇನ್ನೂ ಹಾಗೆಯೇ ಇರುತ್ತದೆ.

ಅಂಕಿಗಳನ್ನು ಎಷ್ಟು ನಂಬಬೇಕು? 32 ಮಿ.ಮೀ. ವಾಲ್ವಿಗೆ 8 ಮಿ.ಮೀ. ಲಿಫ್ಟ್‌ವರೆಗೆ ಹರಿವನ್ನು ತಡೆಯುವುದು ಹೆಚ್ಚಾಗಿ ಸಂದಿಯೇ. ಮೆಶ್ ಸರಿಯಿದ್ದರೆ ಹಳೇ ಪೋರ್ಟಿಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ನಂಬಬಹುದು. ಅದಕ್ಕಿಂತ ಮೇಲೆ ಗಾಳಿ ತಳ ಬಿಡತೊಡಗಿ ಹರಿವಿನ ಗೆರೆ ತೂಗಾಡುತ್ತದೆ. ಕೊನೆಯ 500 ಸುತ್ತಿನ ಸರಾಸರಿ ತೆಗೆದುಕೊಳ್ಳಿ. ತೂಗಾಟವೇ ಶೇ. 1 ಇದ್ದರೆ ಶೇ. 1ರ ಲಾಭವನ್ನು ಯಾರಿಗೂ ಹೇಳಬೇಡಿ.

ಒಂದೇ ಒಂದು ಹೆಡ್ ಮಾಡಿಕೊಳ್ಳುವವರಿಗೆ ಇಷ್ಟು ರಗಳೆ ಬೇಡ, ಬೆಂಚು ಮತ್ತು ಕ್ಲೇ ಸಾಕು. ಅದೇ ಹೆಡ್ ಮತ್ತೆ ಮತ್ತೆ ಮೇಜಿಗೆ ಬರುವವರು ಕಲಿಯಲಿ. ತೀರ್ಮಾನವಾದ ಆಕಾರವನ್ನು 10 ಮಿ.ಮೀ.ಗೆ ಒಂದರಂತೆ ಅಡ್ಡಸೀಳಿ, ತೆಳು ತಗಡಿನಲ್ಲಿ ಟೆಂಪ್ಲೇಟ್ ಕತ್ತರಿಸಿಕೊಂಡರೆ ಗ್ರೈಂಡರ್ ದಾರಿ ತಪ್ಪುವುದಿಲ್ಲ. ಆದರೆ ಗೋಡೆಯ ಆಚೆ ತಂಪು ನೀರು ಓಡುವ ವಾಟರ್ ಜಾಕೆಟ್ ತಂತ್ರಾಂಶಕ್ಕೆ ಗೊತ್ತೇ ಇಲ್ಲ. ಎರಕದಲ್ಲಿ ಕೋರ್ (ಟೊಳ್ಳು ಬಿಡಿಸುವ ಒಳ ಅಚ್ಚು) ಸರಿದಿದ್ದರೆ ಒಂದು ಪೋರ್ಟಿನ ಗೋಡೆ ಇನ್ನೊಂದಕ್ಕಿಂತ ತೆಳು. ದಪ್ಪ ಅಳೆಯುವ ಅಲ್ಟ್ರಾಸೋನಿಕ್ ಗೇಜ್ ಇಲ್ಲದಿದ್ದರೆ, ಗ್ರೈಂಡರಿನ ಬರ್ ಇಡುವ ಮುಂಚೆ ಅದೇ ಮಾದರಿಯ ಗುಜರಿ ಹೆಡ್ ಒಂದನ್ನು ಗರಗಸದಲ್ಲಿ ಸೀಳಿ ನೋಡಿ.